ಗದ್ದಲವನ್ನೇ ಜನಾಭಿಪ್ರಾಯ ಅಂದುಕೊಂಡೆ

2023ರ ವಿಧಾನಸಭಾ ಚುನಾವಣೆಗೆ ಮುನ್ನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜನ ರಾಜಕೀಯದ ಬಗ್ಗೆ ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಅಧ್ಯಯನ ಮಾಡಿ ವರದಿ ಕೊಟ್ಟೆ. ಅದು ಬುಡಸಮೇತ ತಪ್ಪಾಗಿತ್ತು.

ಆಗ ಮೊಬೈಲ್ ತೆರೆದರೆ ಉರಿಗೌಡ, ನಂಜೇಗೌಡರದೇ ಸುದ್ದಿ. 1799ರ ಮೇ 4ರಂದು ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಿನ ಟಿಪ್ಪು ಸುಲ್ತಾನ್ ಸತ್ತ. ಅವನನ್ನು ಕೊಂದವರು ಈ ಇಬ್ಬರು ಒಕ್ಕಲಿಗ ವೀರರು ಎಂಬ ಕಥೆ ಚುನಾವಣೆಯ ಹೊತ್ತಿಗೆ ಕಾವೇರಿತು. ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದಾಗ ಈ ಇಬ್ಬರ ಹೆಸರಿನ ಕಮಾನು ಎದ್ದಿತು, ಗಲಾಟೆಯಾಗಿ ಆ ಹೆಸರನ್ನು ತೆಗೆದರು. ಆಗಿನ ಸಚಿವ ಮುನಿರತ್ನ ಇದೇ ಕಥೆಯ ಸಿನಿಮಾ ಮಾಡಲು ಹೊರಟು, ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಜೊತೆ ಮಾತಾಡಿದ ಮೇಲೆ ಕೈಬಿಟ್ಟರು.

ನಾನು ಹಗಲು ರಾತ್ರಿ ಪೋಸ್ಟ್, ಫಾರ್ವರ್ಡ್, ಕಾಮೆಂಟ್ ಎಣಿಸಿದೆ. ಈ ನಾಲ್ಕೂ ತಾಲ್ಲೂಕುಗಳ ಮತವನ್ನು ಇದೇ ವಿಷಯ ತೀರ್ಮಾನಿಸುತ್ತದೆ ಎಂದು ಧೈರ್ಯವಾಗಿ ಬರೆದೆ.

ಮೇ 13ರಂದು ಫಲಿತಾಂಶ ಬಂತು. ಶ್ರೀರಂಗಪಟ್ಟಣ, ನಾಗಮಂಗಲ ಕಾಂಗ್ರೆಸ್ಸಿಗೆ, ಕೆ.ಆರ್. ಪೇಟೆ ಜೆಡಿಎಸ್‌ಗೆ. ಪಾಂಡವಪುರ ಸೇರಿದ ಮೇಲುಕೋಟೆಯಲ್ಲಿ ರೈತಸಂಘದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಗೆಲುವು ಸೋಲಿಗೆ ನೂರು ಕಾರಣ ಇರುತ್ತವೆ. ಅವುಗಳಲ್ಲಿ ಒಂದನ್ನೂ ನನ್ನ ವರದಿ ಹಿಡಿದಿರಲಿಲ್ಲ ಎಂಬುದೇ ನನ್ನನ್ನು ಕಂಗೆಡಿಸಿತು.

ಸಂಗ್ರಹಿಸಿದ್ದನ್ನೆಲ್ಲ ಮತ್ತೆ ಮೊದಲಿಂದ ಓದಿದೆ. ನನ್ನನ್ನು ಒಳಗೆ ಬಿಟ್ಟಿದ್ದು ಲಿಂಕ್ ಹಂಚಿ ಯಾರನ್ನಾದರೂ ಸೇರಿಸಿಕೊಳ್ಳುವ ವಾಟ್ಸಾಪ್ ಗ್ರೂಪುಗಳು ಮಾತ್ರ. ಅವನ್ನು ನಡೆಸುತ್ತಿದ್ದವರು ಬಹುಪಾಲು ಪಕ್ಷಗಳ ಕಾರ್ಯಕರ್ತರು. ಒಂದೇ ವಿಡಿಯೋ ಹತ್ತು ಗ್ರೂಪಿಗೆ ಬಿದ್ದರೆ ನಾನು ಅದನ್ನು ಹತ್ತು ಅಭಿಪ್ರಾಯ ಎಂದು ಲೆಕ್ಕ ಹಾಕಿದ್ದೆ. ಸಂಬಂಧಿಕರ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪುಗಳಿಗೆ ನನಗೆ ದಾರಿಯೇ ಇರಲಿಲ್ಲ. ಟೈಪು ಮಾಡದೆ ಧ್ವನಿ ಸಂದೇಶ ಕಳಿಸುವವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಥೆಯನ್ನು ಖಂಡಿಸಲೆಂದು ಹಂಚಿದವರನ್ನೂ ನಂಬಿದವರ ಪಟ್ಟಿಗೇ ಸೇರಿಸಿದ್ದೆ.

ಆಮೇಲೆ ಊರೂರಿಗೆ ಹೋಗಿ ಕೂತು ಕೇಳಿದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ, ಹೇಮಾವತಿ ನಾಲೆಯ ನೀರು ಕೊನೇ ಗದ್ದೆಗೆ ತಲುಪುವುದಿಲ್ಲ ಅಂದರು. ಕಬ್ಬಿನ ಬಾಕಿ, ಮಕ್ಕಳ ಕೆಲಸದ ಮಾತು ಬಂತು. ಉರಿಗೌಡರ ಸುದ್ದಿಯನ್ನು ನಾನಾಗಿ ಎತ್ತಿದರಷ್ಟೇ ಮಾತು ಅತ್ತ ತಿರುಗುತ್ತಿತ್ತು.

ಫೋನಿನ ಪರದೆಯಲ್ಲಿ ಕಾಣುವುದು ಪ್ರಚಾರದ ಜೋರು. ಅದನ್ನೂ ಅಳೆಯಬೇಕು, ಆದರೆ ಪ್ರಚಾರ ಎಂದೇ ಕರೆಯಬೇಕು. ಪ್ರಚಾರವನ್ನು ಜನಾಭಿಪ್ರಾಯ ಎಂದು ಕರೆದಾಗ ನಾನೂ ಆ ಪ್ರಚಾರಕ್ಕೆ ದನಿ ಸೇರಿಸಿದ್ದೆ. ಈಗ ನನ್ನ ಪ್ರತಿ ವರದಿಯ ಮೊದಲ ಪುಟದಲ್ಲೇ ಯಾರ ಮಾತು ನನಗೆ ಕೇಳಿಸಿಲ್ಲ ಎಂದು ಬರೆಯುತ್ತೇನೆ. ಅಷ್ಟನ್ನು ಹೇಳದೆ ‘ಜನ ಹೀಗನ್ನುತ್ತಾರೆ’ ಎನ್ನುವ ಹಕ್ಕು ಸಂಶೋಧಕರಿಗೆ ಇಲ್ಲ.