ಅಳಿಯನ ಹಂಡೆ

ಹವ್ಯಾಸಗಳಲ್ಲಿ ಎರಡು ಜಾತಿ. ಅಂಚೆಚೀಟಿ ಕೂಡಿಸುವಂಥವು ಒಂದು ಪೆಟ್ಟಿಗೆಯಲ್ಲಿ ಅಡಗಿರುತ್ತವೆ. ಇನ್ನು ಕೆಲವಕ್ಕೆ ಒಂದು ಮೂಲೆ ಕೊಟ್ಟರೆ ಇಡೀ ಮನೆಯನ್ನೇ ಕೇಳುತ್ತವೆ. ನನ್ನ ಅಕ್ಕನ ಮಗನದು ಎರಡನೆಯ ಜಾತಿ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಅವನಿಗೆ ಸಂಬಳ ಬರುವುದು ಕಂಪ್ಯೂಟರಿನಿಂದ. ಸಂತೋಷ ಬರುವುದು ಮನೆಯಲ್ಲಿ ಬಿಯರ್ ಕಾಯಿಸುವುದರಿಂದ.

ಮೊದಲ ವರ್ಷ ಅವನಲ್ಲಿದ್ದದ್ದು ಅಡಿಗೆಯ ಒಲೆಯ ಮೇಲೊಂದು ಪಾತ್ರೆ, ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಬಕೆಟ್ಟು. ಎರಡನೆಯ ವರ್ಷ ನಲ್ಲಿಯಿಟ್ಟ ಉಕ್ಕಿನ ಹಂಡೆ ಬಂತು. ಕುದಿದದ್ದನ್ನು ಬೇಗ ಆರಿಸಲು ತಾಮ್ರದ ಸುರುಳಿ ಕೊಳವೆ ಬಂತು. ಹಂಡೆಯಿಂದ ಹಂಡೆಗೆ ಹರಿಸಲು ಪಂಪು ಬಂತು. ಹುದುಗುವಾಗ ಶಾಖ ಏರದಂತೆ ಕಾಯಲು ಒಂದು ಹಳೆಯ ಫ್ರಿಜ್ಜು ಬಂತು. ಈಗ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಕಾರಿನ ಮನೆಯಲ್ಲಿ ಬಿಯರ್ ಇರುತ್ತದೆ.

ಅಲ್ಲಿ ಇದು ತಪ್ಪಲ್ಲ. 1979ರಿಂದ ಅಲ್ಲಿನ ಕೇಂದ್ರ ಕಾನೂನು, ವಯಸ್ಕರಿಬ್ಬರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಲು ಒಪ್ಪಿದೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಗಿರಾಕಿಗಳ ಕಣ್ಣೆದುರಿಗೇ ಬಿಯರ್ ಕಾಯಿಸುವ ಅಂಗಡಿಗಳೇನೋ ಇವೆ. ಅವಕ್ಕೆ ಪರವಾನಗಿ ಉಂಟು. ಪರವಾನಗಿಯಿಲ್ಲದೆ ಮದ್ಯ ತಯಾರಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ಕಳೆದ ಬೇಸಿಗೆಯಲ್ಲಿ ಸೂಲಿಬೆಲೆಯ ನಮ್ಮ ಮನೆಗೆ ಬಂದ ಅಳಿಯ ರಾಗಿಯ ಮೂಟೆಯನ್ನು ನೋಡಿ, "ಮಾವ, ನೇಪಾಳದಲ್ಲಿ ಇದರಿಂದಲೇ ಬಿಯರ್‌ನಂಥದ್ದು ಮಾಡ್ತಾರೆ" ಎಂದು ಕಣ್ಣರಳಿಸಿದಾಗ ನಾನು ಮೇಷ್ಟರ ದನಿಯಲ್ಲಿ ಈ ಕಾಯ್ದೆಯನ್ನು ಒಪ್ಪಿಸಿದೆ.

"ಹುದುಗಿಸೋದು ಬೇಡ. ಅದರ ಹಿಂದಿನ ಮೆಟ್ಟಿಲವರೆಗೆ ಹೋಗೋಣ" ಎಂದ.

ಹಿಂದಿನ ಮೆಟ್ಟಿಲು ಎಂದರೆ ಮಾಲ್ಟು. ಚಿಕ್ಕಪೇಟೆಯಿಂದ ಇಪ್ಪತ್ತು ಲೀಟರಿನ ಹಂಡೆ ಬಂತು. ಎಸ್.ಪಿ. ರಸ್ತೆಯಿಂದ ಉಷ್ಣಮಾಪಕ ಬಂತು. ಮರುವಾರ ಹಂಡೆಗೆ ನಲ್ಲಿ, ಅದರ ಮರುವಾರ ನಲ್ಲಿಗೆ ಜಾಲರಿ. ಇನ್ನೊಬ್ಬರ ಹವ್ಯಾಸವನ್ನು ನೋಡಿ ನಗುತ್ತಿದ್ದ ನಾನು ತಾಮ್ರದ ಕೊಳವೆಯ ಬೆಲೆ ವಿಚಾರಿಸತೊಡಗಿದ್ದೆ.

ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿದೆವು. ಮೊಳೆಯುವ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ತೊಡಕೆಂದರೆ, ರಾಗಿಯ ಪಿಷ್ಟಕ್ಕೆ ಬಾರ್ಲಿಯದಕ್ಕಿಂತ ಹೆಚ್ಚು ಶಾಖ ಬೇಕು. ಅಷ್ಟು ಶಾಖಕ್ಕೆ ಕಿಣ್ವಗಳು ಕೆಡುತ್ತವೆ. ಅದಕ್ಕೇ ಅಳಿಯ ಮೊದಲು ಬರೀ ಹಿಟ್ಟಿನ ಗಂಜಿ ಬೇಯಿಸಿ, 65 ಡಿಗ್ರಿಗೆ ಆರಿಸಿ, ಆಮೇಲೆ ಮೊಳಕೆಯ ಹಿಟ್ಟು ಬೆರೆಸಿದ. ಸೌಟು ನಿಲ್ಲುವಷ್ಟು ಗಟ್ಟಿಯಾಗಿದ್ದ ಗಂಜಿ ನೋಡನೋಡುತ್ತ ನೀರಾಯಿತು, ನಾಲಗೆಗಿಟ್ಟರೆ ಸಿಹಿ.

ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಮೊಳಕೆ ಹಿಟ್ಟಿನ ಗಂಜಿ ತೆಳ್ಳಗಾಗದೆ ಇನ್ನೇನಾಗುತ್ತೆ? ನಿನಗೆ ಹಲ್ಲು ಬರೋ ಮುಂಚೆ ಇದನ್ನೇ ಕುಡಿಸಿದ್ದು" ಎಂದರು. ಮೊಳಕೆ ಉದ್ದವಾದೀತೆಂದು ನಮ್ಮನ್ನು ಗದರಿಸಿ ತಾವೇ ಒಣಹಾಕಿದರು. ಉಷ್ಣಮಾಪಕ ಮಾತ್ರ ಅವರಿಗೆ ತುಂಬ ಹಿಡಿಸಿತು. ಹೆಪ್ಪು ಹಾಕುವ ಹಾಲಿಗೆ ಅದನ್ನು ಅದ್ದಿ ನೋಡುವುದು ಅಂದಿನಿಂದ ನಮ್ಮ ಮನೆಯಲ್ಲಿ ನಿತ್ಯವಿಧಿ.

ಹೀಗೆ ಎಲ್ಲವೂ ಸುಖವಾಗಿ ನಡೆದಿರಲು, ಒಂದು ರಾತ್ರಿ ನಾವು ಸೋಸಿದ ನೀರನ್ನು ಕುದಿಸದೆ ಹಾಗೆಯೇ ಬಿಟ್ಟು ಮಲಗಿದೆವು. ಮೇ ತಿಂಗಳ ಸೆಕೆ. ಮರುದಿನವೂ ಯಾರೂ ಅದರ ಕಡೆ ನೋಡಲಿಲ್ಲ. ಎರಡನೆಯ ರಾತ್ರಿ ಎಚ್ಚರವಾಗಿ ನೋಡುತ್ತೇನೆ, ಅಮ್ಮ ನಡುಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಹಂಡೆಯಲ್ಲಿ ನೊರೆಯೆದ್ದು ಹುಳಿ ವಾಸನೆ ಮನೆಯೆಲ್ಲ ಹರಡಿತ್ತು.

"ನಿಮ್ಮಪ್ಪ ಬಂದಂಗಾಯ್ತು ಕಣೋ" ಎಂದರು.

ಅಪ್ಪ ಹೊಸಕೋಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬರಹ ಮುತ್ತಿನಂತಿತ್ತು. ಸಾರಾಯಿ ಆಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತಿತ್ತು, ಜೇಬಿನಲ್ಲಿಟ್ಟರೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದು ವಾಸನೆಯಾಗಿ ಅವರಿಗಿಂತ ಮೊದಲೇ ಮನೆಯೊಳಕ್ಕೆ ಬರುತ್ತಿತ್ತು. ಅಕ್ಕನ ಬಳೆ ಹೋದವು, ನನ್ನ ಕಾಲೇಜಿನ ಶುಲ್ಕ ಹೋಯಿತು, 1999ರಲ್ಲಿ ಅವರೇ ಹೋದರು. ಸರ್ಕಾರ ಸಾರಾಯಿಯನ್ನು ನಿಲ್ಲಿಸಿದ್ದು 2007ರ ಜುಲೈಯಲ್ಲಿ. ಆ ದಿನ ಪತ್ರಿಕೆ ಓದಿ ಹೇಳಿದಾಗ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಹೌದಾ" ಎಂದಿದ್ದರು, ಅಷ್ಟೆ.

ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಬರುವ ಪಾನಗೋಷ್ಠಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ. ಆ ರಾತ್ರಿ ಹಂಡೆಯನ್ನು ಹಿತ್ತಿಲಿಗೆ ಹೊತ್ತು ತಿಪ್ಪೆಗೆ ಸುರಿಯುವಾಗ, ಅಳಿಯನಿಗೆ ಕಾಯ್ದೆಯನ್ನು ಅಷ್ಟು ಜೋರಾಗಿ ಒಪ್ಪಿಸಿದ್ದು ಏಕೆಂದು ನನಗೆ ತಿಳಿಯಿತು. ಕಾಯ್ದೆ ನೆಪ. ಅಪ್ಪನ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಂದು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಹೇಳಿದೆ. ಅವನು ಬೆಳಗಿನ ತನಕ ಹಂಡೆ ತಿಕ್ಕಿದ.

ಅಳಿಯ ಹಿಂದಿರುಗಿದ. ಹಂಡೆ ಉಳಿದಿದೆ, ಭಾನುವಾರ ಅದರಲ್ಲಿ ಮಾಲ್ಟ್ ಕಾಯುತ್ತದೆ, ತಪ್ಪದೆ ಕುದಿಯುತ್ತದೆ. ತಾಮ್ರದ ಕೊಳವೆ ಕೊಳ್ಳಲಿಲ್ಲ. ಮೊನ್ನೆ ಅವನು ಬಾರ್ಲಿಗೆ ರಾಗಿ ಬೆರೆಸಿ ಮಾಡಿದ ಬಿಯರಿನ ಚಿತ್ರವನ್ನು ಫೋನಿಗೆ ಕಳಿಸಿದ್ದ. ಅಡಗಿಸಿಡಬೇಕೆಂದುಕೊಂಡವನು ಅಮ್ಮನಿಗೆ ತೋರಿಸಿಯೇಬಿಟ್ಟೆ. ಕನ್ನಡಕ ಏರಿಸಿ, ಹಂಡೆ, ಕೊಳವೆ, ಪಂಪುಗಳನ್ನು ಬಹಳ ಹೊತ್ತು ನೋಡಿದರು.

"ಇದೆಲ್ಲ ತೊಳೆಯೋರು ಯಾರು?"

"ಅವನೇ, ಅಮ್ಮ."

"ಆಗೋಕೆ ಎಷ್ಟು ದಿನ?"

"ಮೂರು ನಾಲ್ಕು ವಾರ. ಆದ ಮೇಲೆ ಹೆಚ್ಚಿನದನ್ನ ಸ್ನೇಹಿತರಿಗೆ ಹಂಚಿಬಿಡ್ತಾನಂತೆ."

ಅಮ್ಮ ಫೋನನ್ನು ನನ್ನ ಕೈಗಿಟ್ಟು ಉಷ್ಣಮಾಪಕವನ್ನು ಹಾಲಿಗೆ ಅದ್ದಿದರು. ಮುಳ್ಳು ನಿಲ್ಲುವವರೆಗೆ ಕಾದು, ಅದರ ಕಡೆಗೇ ನೋಡುತ್ತ ಕೇಳಿದರು: "ನಿಮ್ಮಪ್ಪನೂ ಹಿಂಗೆ ತಾವೇ ಕಾಯಿಸಿಕೊಂಡು, ತಿಂಗಳುಗಟ್ಟಲೆ ಕಾಯಬೇಕಾಗಿದ್ದಿದ್ರೆ, ಅಷ್ಟು ಕುಡೀತಿದ್ದರೇನೋ?"

ನಾನು ಏನೂ ಹೇಳಲಿಲ್ಲ. ಅಮ್ಮ ಹಾಲಿಗೆ ಹೆಪ್ಪು ಹಾಕಿ ಮುಚ್ಚಿದರು.