ಉತ್ತರ ಕೊಟ್ಟ ಊರಿಗೂ ಫಲಿತಾಂಶ ಬರಲಿ

ಪತ್ರಿಕೋದ್ಯಮ ಎಂ.ಎ. ಓದುವಾಗ ನಾವೆಲ್ಲ ಪ್ರಶ್ನಾವಳಿ ಹಿಡಿದು ಊರೂರು ತಿರುಗಿದವರೇ. "ಪೇಪರ್ ಓದ್ತೀರಾ? ದಿನಕ್ಕೆಷ್ಟು ಹೊತ್ತು ಟಿವಿ ನೋಡ್ತೀರಿ?" ಕೆಲಸ ಬಿಟ್ಟು ಕೂತು ಉತ್ತರ ಕೊಟ್ಟವರು ನೀವು. ಅದರಿಂದಾದ ಪ್ರಬಂಧ ಮಾತ್ರ ವಿಶ್ವವಿದ್ಯಾಲಯದ ಕಪಾಟು ಸೇರುತ್ತದೆ.

ಹೀಗಾಗದ ಒಂದು ಸಂಶೋಧನೆ ನಮಗೆ ಬಹಳ ಇಷ್ಟ. 1956ರಲ್ಲಿ ಆಕಾಶವಾಣಿ ಮತ್ತು ಯುನೆಸ್ಕೊ ಸೇರಿ, ಪುಣೆ ಸೇರಿದಂತೆ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೊ ಕೂಟ ಕಟ್ಟಿದವು. ವಾರಕ್ಕೆ 2ರಂತೆ 20 ಕಾರ್ಯಕ್ರಮ. ಜನ ಒಟ್ಟಿಗೆ ಕೇಳಿದರು, ಚರ್ಚಿಸಿದರು, ತಮ್ಮ ಪ್ರಶ್ನೆಗಳನ್ನು ಬರೆದು ಕಳಿಸಿದರು. ಉತ್ತರ ರೇಡಿಯೊದಲ್ಲೇ ಬಂತು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಅಳೆದು ನೋಡಿದರೆ, ಬರೀ ರೇಡಿಯೊ ಇದ್ದ ಊರಿಗಿಂತ ಕೂತು ಮಾತಾಡಿದ ಊರಲ್ಲಿ ತಿಳಿವಳಿಕೆ ಬಹಳ ಹೆಚ್ಚಿತ್ತು.

ಅದಕ್ಕೇ ನಾವೀಗ ನಮ್ಮ ಪ್ರಬಂಧಗಳನ್ನು ಕನ್ನಡದಲ್ಲಿ ಎರಡು ಪುಟಕ್ಕಿಳಿಸಿ, ಉತ್ತರ ಕೊಟ್ಟ ಊರಿನ ಕಟ್ಟೆಯಲ್ಲೇ ಓದುತ್ತಿದ್ದೇವೆ. "ರಿಮೋಟ್ ಯಾರ ಕೈಲಿರುತ್ತೆ ಅಂತಲೂ ಕೇಳ್ರಪ್ಪಾ" ಎಂದರು ಒಂದೂರಿನ ಹೆಂಗಸರು. ಆ ಪ್ರಶ್ನೆ ಯಾವ ಪಠ್ಯದಲ್ಲೂ ನಮಗೆ ಸಿಕ್ಕಿರಲಿಲ್ಲ.

ನಿಮ್ಮೂರಿಗೂ ಯಾರಾದರೂ ಸಮೀಕ್ಷೆಗೆ ಬಂದಾರು. "ಫಲಿತಾಂಶ ಹೇಳೋಕೆ ಯಾವತ್ತು ಬರ್ತೀರಿ?" ಎಂದು ಮೊದಲೇ ಕೇಳಿಬಿಡಿ. ಕೇಳುವ ಹಕ್ಕು ನಿಮಗಿದೆ.