ಕೈ ಬದಲಾದ ಕ್ಯಾಮರಾ

ನಮ್ಮ ಅವ್ವನ ಫೋಟೊ ಅಂತ ಇರುವುದು ಒಂದೇ. ಅದು ಮತದಾರರ ಗುರುತಿನ ಚೀಟಿಯಲ್ಲಿರುವುದು. ಶಾಲೆಯ ಸುಣ್ಣದ ಗೋಡೆಗೆ ಆನಿಸಿ ಕೂರಿಸಿ ತೆಗೆದದ್ದು. ಗೋಡೆ ಬೆಳ್ಳಗೆ ಬಂದಿದೆ, ಅವ್ವ ಕಪ್ಪು ಮುದ್ದೆಯಾಗಿದ್ದಾಳೆ. ಮುದ್ದೆಯೊಳಗೆ ಎರಡು ಕಣ್ಣು. ಅಪ್ಪನದು ಅಷ್ಟೂ ಇಲ್ಲ. ಗೋಡೆಯ ಮೇಲೆ ಬಾಬಾಸಾಹೇಬರ ಪಟ ಒಂದಿತ್ತು. ಫೋಟೊ ಅಂದರೆ ಅವರದು ಮಾತ್ರ ಇರುತ್ತದೆ, ನಮ್ಮಂಥವರದು ಇರುವುದಿಲ್ಲ ಅಂತಲೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ.

ಹೋದ ವರ್ಷ ಅಕ್ಕನ ಮಗಳು ಬಂದು, "ಮಾವ, ಒಂದ್ ಹಳೇ ಕ್ಯಾಮರಾ ಮಾರಾಟಕ್ಕೈತೆ. ತಗೊಳ್ಳಾ ಬೇಡ್ವಾ?" ಅಂದಾಗ ನನಗೆ ಮೊದಲು ನೆನಪಾದದ್ದು ಆ ಕಪ್ಪು ಮುದ್ದೆ.

ಅವಳು ಬಿ.ಎ. ಓದುತ್ತಾಳೆ. ನಮ್ಮಕ್ಕ ಕೆ.ಆರ್. ಮಾರುಕಟ್ಟೆ ಕಡೆ ಬೀದಿ ಗುಡಿಸುವ ಪೌರಕಾರ್ಮಿಕಳು. ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. 1987ರಲ್ಲಿ ಇದೇ ಪೇಟೆಗೆ ಅಚ್ಚುಮೊಳೆ ಜೋಡಿಸಲು ಬಂದವನು. ಕ್ಯಾಮರಾ ವಿಷಯ ನನ್ನನ್ನು ಕೇಳುವುದೇ ತಮಾಷೆ. ಆದರೂ ಕೇಳಿದಳು, ಯಾಕೆಂದರೆ ಅವಳ ಕೈಯಲ್ಲಿದ್ದ ಹದಿನೈದು ಸಾವಿರದಲ್ಲಿ ಎಂಟು ಸಾವಿರ ಅಕ್ಕನ ಚೀಟಿ ದುಡ್ಡು. ಮಿಕ್ಕಿದ್ದು ಅವಳು ಸಂಜೆ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದು. ದುಡ್ಡಿದ್ದವರು ಹಳೇ ಸಾಮಾನು ಕೊಂಡು ಕೈ ಸುಟ್ಟುಕೊಂಡರೆ ಅದೊಂದು ಅನುಭವ. ನಾವು ಸುಟ್ಟುಕೊಂಡರೆ ಮನೆಯಲ್ಲಿ ಇನ್ನು ಹತ್ತು ವರ್ಷ ಯಾವ ಹುಡುಗಿಯೂ ಏನನ್ನೂ ಕೇಳುವ ಹಾಗಿಲ್ಲ.

"ಮೊಬೈಲ್‌ನಾಗೇ ತೆಗೀಬೋದಲ್ಲವ್ವಾ?" ಅಂದೆ.

ಅವಳು ಮಾತಾಡದೆ ಮೊಬೈಲ್ ತೆಗೆದು ನನ್ನದೇ ಒಂದು ಪಟ ತೋರಿಸಿದಳು. ನನ್ನ ಮುಖದ ಸುಕ್ಕು ಮಾಯ. ಬಣ್ಣ ಎರಡು ಪಟ್ಟು ಬಿಳುಪು. ನಾನು ಕೇಳಿರಲಿಲ್ಲ, ಅವಳೂ ಒತ್ತಿರಲಿಲ್ಲ. ಯಂತ್ರ ತಾನೇ ತೀರ್ಮಾನ ಮಾಡಿತ್ತು.

ಇದೇನು ಹೊಸದಲ್ಲ. ನಮ್ಮ ಕಡೆ ಸ್ಟುಡಿಯೋಗೆ ಮದುವೆ ಫೋಟೊ ಅಂತ ಹೋದರೆ ಮೊದಲು ಕೈಗೆ ಪೌಡರ್ ಡಬ್ಬಿ ಕೊಡುತ್ತಿದ್ದರು. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಇನ್ನಷ್ಟು ಬೆಳ್ಳಗೆ ಮಾಡಿ, ಅದನ್ನೇ ಉಪಕಾರ ಎನ್ನುವ ಹಾಗೆ ಕೊಡುತ್ತಿದ್ದರು. ಅತ್ತ ಪಶ್ಚಿಮದ ಲ್ಯಾಬುಗಳಲ್ಲಿ ಕೊಡಕ್ ಕಂಪನಿಯ ಕಾರ್ಡೊಂದು ಇರುತ್ತಿತ್ತು. ಅದರಲ್ಲಿ ಬಿಳಿ ಹೆಣ್ಣೊಬ್ಬಳ ಚಿತ್ರ. ಹೆಸರು 'ಶರ್ಲಿ ಕಾರ್ಡ್'. ಆಕೆಯ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟು ಸರಿ ಎಂದು ಲೆಕ್ಕ. ಕಪ್ಪು ಜನ ಮಸಿಯಾಗಿ ಬಂದರೆ ಯಾರೂ ಕೇಳುವವರಿಲ್ಲ. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಯಾರ ಅಳತೆಗೆ ಅದನ್ನು ಕೂರಿಸಿದ್ದಾರೆ ಎಂದು ಕೇಳಬೇಕು.

ಸರಿ, ನೋಡೋಣ ಅಂತ ಹೊರಟೆವು.

ಮಾರುವವರು ಐದನೇ ಮುಖ್ಯರಸ್ತೆ ಹಿಂದಿನ ಒಂದು ವಠಾರದಲ್ಲಿದ್ದ ಹಿರಿಯರು. ಮದುವೆ, ಮುಂಜಿ, ಉರುಸು, ಶಾಲೆಯ ಗುಂಪು ಫೋಟೊ ತೆಗೆದೇ ಮಕ್ಕಳನ್ನು ಓದಿಸಿದವರು. ಈಗ ಕೈ ನಡುಗುತ್ತದೆ. ಅಕ್ಕನ ಮಗಳು ಅವರನ್ನು ಚಾಚಾ ಅನ್ನುತ್ತಾಳೆ. ದಾರಿಯಲ್ಲಿ ಸಾಹಿತ್ಯ ಪರಿಷತ್ತಿನ ಕಟ್ಟಡ ಸಿಕ್ಕಿತು. 1979ರ ಮಾರ್ಚಿಯಲ್ಲಿ ಇದೇ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಯಾಕೆ ಅಂತ ಅವಳು ಪಾಠದಲ್ಲಿ ಓದಿದ್ದಾಳೆ. ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಕೇಳಿದ್ದಕ್ಕೆ ಇಲ್ಲ ಅಂದರು. ಆ ದಿನದ ಸಭೆ, ಜಾಥಾಗಳ ಫೋಟೊ ಎಲ್ಲಿ ಮಾವ ಅಂದಳು. ದೊಡ್ಡ ಊರಿನದು ಪತ್ರಿಕೆಗಳವರ ಹತ್ತಿರ ಇದ್ದಾವು. 1984ರಲ್ಲಿ ಮಾಗಡಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಒಂದು ಜಾಥಾ ಹೊರಟಿತ್ತು. ಕೆರೆ ಏರಿಯ ಮೇಲೆ ಹಲಗೆ ಬಾರಿಸಿಕೊಂಡು ಮುನ್ನೂರು ಜನ. ಮುಂದೆ ನಮ್ಮಪ್ಪ. ಅದರ ಒಂದು ಚಿತ್ರವೂ ಇಲ್ಲ. ಕ್ಯಾಮರಾ ಇದ್ದ ಮನೆ ಊರಲ್ಲಿ ಒಂದೇ. ಆ ಮನೆಯವರ ವಿರುದ್ಧವೇ ಜಾಥಾ. ಇನ್ನು ಯಾರು ತೆಗೆಯುತ್ತಾರೆ?

ನಮ್ಮ ಸಣ್ಣ ಪತ್ರಿಕೆಗಳಲ್ಲೂ ಫೋಟೊ ಕಡಿಮೆ. ಒಂದು ಬ್ಲಾಕ್ ಮಾಡಿಸುವ ದುಡ್ಡಿಗೆ ಕಾಗದವೇ ಬರುತ್ತಿತ್ತು. ಹಾಗಾಗಿ ಗೆರೆ ಚಿತ್ರ ಹಾಕಿ ಮುಗಿಸುತ್ತಿದ್ದೆವು. ಮುಷ್ಟಿ ಕಟ್ಟಿದ ಕೈ ನೂರು ಬಾರಿ ಅಚ್ಚಾಯಿತು. ಆ ಕೈ ಯಾರದು ಅಂತ ಮುಖ ಮಾತ್ರ ಅಚ್ಚಾಗಲಿಲ್ಲ.

ಚಾಚಾ ಚೀಲ ಬಿಚ್ಚಿ ಚಾಪೆ ಮೇಲೆ ಹರಡಿದರು. ನಿಕಾನ್ ಡಿ90. 2008ರಲ್ಲಿ ಬಂದ ಮಾದರಿ. ಅದರ ಜೊತೆ 18-105ರ ಲೆನ್ಸು, 70-300ರ ಉದ್ದನೆ ಲೆನ್ಸು, 50ರ ಚಿಕ್ಕ ಲೆನ್ಸು, ಒಂದು ಫ್ಲಾಶು, ಮೂರು ಕಾಲಿನ ಸ್ಟ್ಯಾಂಡು. ಎಲ್ಲಾ ಸೇರಿ ಹದಿನೆಂಟು ಸಾವಿರ. ಅಷ್ಟೊಂದು ಸಾಮಾನು ನೋಡಿ ಹುಡುಗಿಯ ಕಣ್ಣು ಅರಳಿತು. ನನಗೆ ಭಯವಾಯಿತು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಮಾಲಿನ ನಡುವೆ ಕೊಳೆತದ್ದು ಒಂದಾದರೂ ಇರುತ್ತದೆ.

ನನಗೆ ಗೊತ್ತಿದ್ದದ್ದು ಮೊಳೆಯ ಕಸುಬು. ಹಳೇ ಮೊಳೆ ಕೊಳ್ಳುವಾಗ ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ತಿಳಿಯದು. ಮಸಿ ಹಚ್ಚಿ ಒಂದು ಪ್ರೂಫ್ ಎಳೆಯಬೇಕು. ಸವೆದದ್ದು ಕಾಗದದ ಮೇಲೆ ತಾನೇ ಹೇಳುತ್ತದೆ. ಇದಕ್ಕೂ ಹಾಗೇ ಮಾಡೋಣ ಅಂದೆ. ಚಾಚಾ ನಕ್ಕು, "ಸರಿಯಾಗಿ ಹೇಳಿದ್ರಿ ನೋಡಿ" ಅಂದು ತಾವೇ ಒಂದೊಂದಾಗಿ ತೋರಿಸಿಕೊಟ್ಟರು. ಮಾರುವವರೇ ಪರೀಕ್ಷೆ ಹೇಳಿಕೊಟ್ಟದ್ದು ಅಪರೂಪ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ, ಹಳ್ಳಿಯ ಮೇಷ್ಟ್ರುಗಳಿಗೆ, ಹುಡುಗರಿಗೆ ಬೇಕಾದೀತು.

ಕ್ಯಾಮರಾ ಒಳಗೆ ಬೆಳಕಿನ ಬಾಗಿಲೊಂದು ಇರುತ್ತದೆ, ಶಟರ್. ಪ್ರತಿ ಚಿತ್ರಕ್ಕೂ ತೆರೆದು ಮುಚ್ಚಿ ಸವೆಯುತ್ತದೆ. ಈ ಮಾದರಿಯದನ್ನು ಕಂಪನಿ ಒಂದು ಲಕ್ಷ ಸಲ ಪರೀಕ್ಷಿಸಿದೆ. ಎಷ್ಟು ಸಲ ಬಡಿದಿದೆ ಎಂಬ ಎಣಿಕೆ, ತೆಗೆದ ಚಿತ್ರದ ಫೈಲಿನೊಳಗೇ ಬರೆದಿರುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಿದೆವು, 41,000 ಚಿಲ್ಲರೆ. ಲಕ್ಷಕ್ಕೆ ಸಾಯುತ್ತದೆ ಅಂತಲೂ ಅಲ್ಲ, ಅಲ್ಲಿವರೆಗೆ ಬದುಕುತ್ತದೆ ಅಂತ ಬರೆದುಕೊಟ್ಟವರೂ ಇಲ್ಲ. ಆದರೂ ಅರ್ಧ ಆಯಸ್ಸು ಇದೆ ಎಂದು ಕೊಳ್ಳಬಹುದು.

ಆಮೇಲೆ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಬಿಳಿ ಗೋಡೆಯ ಚಿತ್ರ ತೆಗೆದೆವು. ಒಳಗೆ ಧೂಳು ಕೂತಿದ್ದರೆ ಕಪ್ಪು ಚುಕ್ಕೆ ಬೀಳುತ್ತದೆ. ಎರಡು ಚುಕ್ಕೆ ಇದ್ದವು, ಊದಿದರೆ ಹೋಗುವಂಥವು. ಬ್ಯಾಟರಿ ಗೂಡಿನಲ್ಲಿ ಕಿಲುಬು ಇರಲಿಲ್ಲ. ಹಿಡಿಯ ರಬ್ಬರು ಮಾತ್ರ ಎದ್ದಿತ್ತು, ಅಂಟಿಸಿದರಾಯಿತು. ಕೊನೆಗೆ ಲೆನ್ಸುಗಳೊಳಗೆ ಟಾರ್ಚು ಬಿಟ್ಟು ನೋಡಿದೆವು. ಉದ್ದನೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ. ಬೂಷ್ಟು. ಚೀಲದ ತೇವದಲ್ಲಿ ಮಳೆಗಾಲ ಕಳೆದದ್ದರ ಫಲ. ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಚಾಚಾ ಮುಖ ಸಣ್ಣದು ಮಾಡಿಕೊಂಡರು. "ನಾನೇ ನೋಡಿರಲಿಲ್ಲ ಮಗಾ" ಅಂದರು. ಫ್ಲಾಶಿನ ಸೆಲ್ಲುಗಳೂ ಸೋರಿಹೋಗಿದ್ದವು.

ಇಷ್ಟಾದ ಮೇಲೆ ನಾನು ಅವಳನ್ನು ಕೇಳಿದೆ: "ನಿಂಗೆ ಏನ್ ತೆಗೀಬೇಕು ಹೇಳು ಮೊದ್ಲು." ಸಾಮಾನು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಒಂದು ಪ್ರಶ್ನೆ. ಇವಳ ಕೆಲಸಕ್ಕೆ ಒದಗುತ್ತದೋ ಇಲ್ಲವೋ ಅನ್ನುವುದೇ ಬೇರೆ ಪ್ರಶ್ನೆ.

ವಿಡಿಯೋ ಬೇಕಿದ್ದರೆ ಇದು ಬೇಡ ಅಂದರು ಚಾಚಾ. ವಿಡಿಯೋ ತೆಗೆದ ಇಂಥ ಕ್ಯಾಮರಾಗಳಲ್ಲಿ ಇದೇ ಮೊದಲನೆಯದು. ಆದರೆ ಒಂದು ಸಲಕ್ಕೆ ಐದು ನಿಮಿಷ, ಅದೂ ಫೋಕಸ್ ಕೈಯಲ್ಲೇ ಹೊಂದಿಸಬೇಕು. ಕತ್ತಲಲ್ಲಿ ತೆಗೆದರೆ ಚಿತ್ರ ರವೆ ರವೆಯಾಗುತ್ತದೆ. 32 ಜಿಬಿಗಿಂತ ದೊಡ್ಡ ಕಾರ್ಡು ನಂಬುವ ಹಾಗಿಲ್ಲ. ತಯಾರಿಕೆ ನಿಂತು ವರ್ಷಗಳಾದವು, ಕೆಟ್ಟರೆ ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಕ್ಯಾಮರಾ ಹುಡುಕಬೇಕು. ಈಗ ದೊಡ್ಡ ಕಂಪನಿಗಳೆಲ್ಲ ಒಳಗೆ ಕನ್ನಡಿ ಇಲ್ಲದ ಕ್ಯಾಮರಾ ಕಡೆ ಹೋಗಿವೆ. ಅದಕ್ಕೇ ಇವು ಅಗ್ಗ.

ಅವಳಿಗೆ ಬೇಕಾದದ್ದು ಜನರ ಮುಖ, ಕೆಲಸ ಮಾಡುವ ಕೈ, ಹಗಲ ಬೆಳಕಲ್ಲಿ. ಅಚ್ಚಾಗುವುದು ನಮ್ಮಂಥ ಪತ್ರಿಕೆಯಲ್ಲಿ ಅಥವಾ ಗೋಡೆಗೆ ಅಂಟಿಸುವ ಎ4 ಹಾಳೆಯಲ್ಲಿ. ಅಲ್ಲಿ ನನ್ನ ಕಸುಬು ನೆರವಿಗೆ ಬಂತು. ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ ಎ4ಗೆ ಬೇಕಾದದ್ದು 3508ಕ್ಕೆ 2480 ಚುಕ್ಕೆ. ಇದು ಕೊಡುವುದು 4288ಕ್ಕೆ 2848. ಸಾಕು ಅಂದೆ. ಇನ್ನೊಂದು, ಇದರ ಮೈಯೊಳಗೇ ಫೋಕಸ್ ತಿರುಗಿಸುವ ಮೋಟಾರಿದೆ. ಆಮೇಲೆ ಬಂದ ಕಡಿಮೆ ಬೆಲೆಯ ಡಿ3100ರಂಥವುಗಳಲ್ಲಿ ಅದಿಲ್ಲ. ಹಾಗಾಗಿ ಅಗ್ಗದ ಹಳೇ 50ರ ಲೆನ್ಸು ಇದರಲ್ಲಿ ತಾನೇ ಫೋಕಸ್ ಆಗುತ್ತದೆ. ಮುಖ ತೆಗೆಯಲು ಅದಕ್ಕಿಂತ ಬೇರೆ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಚಾಚಾ ಕೊನೆಗೆ ಹೇಳಿದರು. ಕ್ಯಾಮರಾದ ಬೆಳಕಿನ ಅಳತೆಗೆ ಕಪ್ಪೂ ಗೊತ್ತಿಲ್ಲ, ಬಿಳುಪೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುಬೂದಿ ಬಣ್ಣ ಎಂದೇ ಅದರ ನಂಬಿಕೆ. ಬಿಳಿ ಗೋಡೆ ಮುಂದೆ ಕಪ್ಪು ಮುಖ ಇಟ್ಟರೆ ಗೋಡೆಯನ್ನು ಬೂದಿ ಮಾಡಲು ಹೋಗಿ ಮುಖವನ್ನು ಮಸಿ ಮಾಡುತ್ತದೆ. ಕಪ್ಪು ಮುಖವೇ ಚೌಕಟ್ಟು ತುಂಬಿದರೆ ಅದನ್ನು ಸುಮ್ಮನೆ ಬಿಳಿಚಿಸುತ್ತದೆ. ಮೊದಲನೆಯದಕ್ಕೆ ಬೆಳಕು ಒಂದು ಮೆಟ್ಟಿಲು ಕೂಡಬೇಕು, ಎರಡನೆಯದಕ್ಕೆ ಕಳೆಯಬೇಕು. ಕೂಡುವ ಕಳೆಯುವ ಗುಂಡಿ ಬೆರಳಿಗೇ ಸಿಗುತ್ತದೆ. "ನಾನು ನಿಮ್ಮವರ ಮದುವೇಲೂ ತೆಗ್ದಿದೀನಿ. ಪೌಡರ್ ಹಾಕಿ ಅಂತ ಯಾವತ್ತೂ ಅಂದಿಲ್ಲ. ಈ ಗುಂಡಿ ತಿರುಗಿಸ್ತಿದ್ದೆ ಅಷ್ಟೆ" ಅಂದರು.

ನನಗೆ ಮಾತು ಹೊರಡಲಿಲ್ಲ. ಅವ್ವ ಆ ಚೀಟಿಯಲ್ಲಿ ಕಪ್ಪು ಮುದ್ದೆಯಾದದ್ದು ಅವ್ವನ ಬಣ್ಣದಿಂದಲ್ಲ. ಒಂದು ಮೆಟ್ಟಿಲು ಬೆಳಕು ಕೂಡಿಸುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ಮೈ, ಎರಡು ಲೆನ್ಸು, ಸ್ಟ್ಯಾಂಡು ಸೇರಿ ಹದಿಮೂರು ಸಾವಿರಕ್ಕೆ ಆಯಿತು. ಬೂಷ್ಟು ಹಿಡಿದ ಲೆನ್ಸನ್ನು ಪುಕ್ಕಟೆ ಕೊಡುತ್ತೇನೆಂದರು, ಬೇಡ ಅಂದೆವು. ಉಳಿದ ಎರಡು ಸಾವಿರದಲ್ಲಿ ಹೊಸ ಬ್ಯಾಟರಿ, ಕಾರ್ಡು. ಒಂದು ತಿಂಗಳೊಳಗೆ ಏನಾದರೂ ಆದರೆ ತಾನಿದ್ದೇನೆ ಅಂತ ಚಾಚಾ ಬಾಯಿಮಾತಲ್ಲಿ ಹೇಳಿದರು. ಆ ಮಾತು ಸಾಕಾಯಿತು.

ವಾಪಸು ಬರುವಾಗ ಅವಳಿಗೆ ಗಾರ್ಡನ್ ಪಾರ್ಕ್ಸ್ ಕಥೆ ಹೇಳಿದೆ. ಅಮೆರಿಕದ ಕಪ್ಪು ಮನುಷ್ಯ. ರೈಲಿನ ಊಟದ ಬೋಗಿಯಲ್ಲಿ ಬಡಿಸುವ ಕೆಲಸದಲ್ಲಿದ್ದಾಗ, ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಗುಳೆ ಹೊರಟ ಕೂಲಿಗಳ ಚಿತ್ರ ನೋಡಿದ. 1930ರ ದಶಕದ ಕೊನೆಯಲ್ಲಿ ಸಿಯಾಟಲ್ ಊರಿನ ಗಿರವಿ ಅಂಗಡಿಯಲ್ಲಿ ಒಂದು ಕ್ಯಾಮರಾ ಕೊಂಡ. ಅವನದೂ ಕೈ ಬದಲಾದದ್ದೇ. 1942ರಲ್ಲಿ ವಾಷಿಂಗ್‌ಟನ್ನಿನ ಸರ್ಕಾರಿ ಕಚೇರಿ ಗುಡಿಸುವ ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನು, ಪೊರಕೆ ಸಮೇತ, ಆ ದೇಶದ ಬಾವುಟದ ಮುಂದೆ ನಿಲ್ಲಿಸಿ ತೆಗೆದ. ಆ ಚಿತ್ರ ಇವತ್ತಿಗೂ ಆ ದೇಶವನ್ನು ಕೇಳುತ್ತಲೇ ಇದೆ.

ಹುಡುಗಿಗೆ ಅದು ತಲೆಗೆ ಹತ್ತಿತು. ಮಾರನೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಅಕ್ಕನನ್ನು ತಡೆದು, "ಅವ್ವ, ಪೊರಕೆ ಹಿಡ್ಕಂಡ್ ನಿಂತ್ಕೊ, ಒಂದ್ ಫೋಟೊ" ಅಂದಳು.

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಇಪ್ಪತ್ತೆರಡು ವರ್ಸದಿಂದ ಊರೋರೆಲ್ಲಾ ನನ್ನ ಇದ್ರ ಜೊತೇಗೇ ನೋಡವ್ರೆ. ನೀನೂ ಹಂಗೇ ನೋಡ್ತೀಯಾ? ನನ್ ದುಡ್ಡಲ್ವಾ ಅದು? ಕುರ್ಚಿ ತತ್ತಾ."

ನಾವಿಬ್ಬರೂ ತಲೆ ತಗ್ಗಿಸಿದೆವು. ಪಾರ್ಕ್ಸ್ ಚಿತ್ರ ದೊಡ್ಡದೇ. ಆದರೆ ಎದುರು ಕೂತವರನ್ನು ಕೇಳದೆ ಅದನ್ನು ಇಲ್ಲಿಗೆ ಹೊತ್ತು ತಂದರೆ ನಾವೂ ಆ ಸುಣ್ಣದ ಗೋಡೆ ಮುಂದೆ ಕೂರಿಸಿದವರ ಸಾಲಿಗೇ ಸೇರುತ್ತೇವೆ. ಕ್ಯಾಮರಾ ನಮ್ಮ ಕೈಗೆ ಬಂದ ಮಾತ್ರಕ್ಕೆ ನೋಟವೂ ನಮ್ಮದಾಗಿಬಿಡುತ್ತದೆ ಎಂದುಕೊಂಡದ್ದು ನಮ್ಮ ಸೊಕ್ಕು.

ಪಕ್ಕದ ಮನೆಯಿಂದ ಕುರ್ಚಿ ಬಂತು. ಅಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಹಿಂದೆ ಬಿಳಿ ಗೋಡೆ. ಮೊದಲನೆಯದು ಕಪ್ಪಾಗೇ ಬಂತು. ಹುಡುಗಿ ಬೆಳಕು ಒಂದು ಮೆಟ್ಟಿಲು ಕೂಡಿಸಿ ಇನ್ನೊಂದು ತೆಗೆದಳು. ಅಕ್ಕ ಹಿಂದಿನ ಪರದೆಯಲ್ಲಿ ಬಹಳ ಹೊತ್ತು ನೋಡಿದಳು. ಸುಕ್ಕು ಇತ್ತು. ಬಣ್ಣ ಅವಳದೇ ಇತ್ತು.

"ನಾನೇ ಕಣಾ ಇದು" ಅಂದಳು. ಆಮೇಲೆ ಪೊರಕೆ ತಗೊಂಡು, ತಡವಾಯಿತು ಅಂತ ಬೈಕೊಳ್ಳುತ್ತಾ ಮಾರ್ಕೆಟ್ಟಿನ ಕಡೆ ನಡೆದಳು.